ಮೂವತ್ತು ಲೈಫಿನ ಆಟ

ಸೂಪರ್‌ಮ್ಯಾನ್ ಹೆಸರಿನಲ್ಲಿ ಒಂದು ಒಳ್ಳೆಯ ವಿಡಿಯೊ ಗೇಮ್ ಯಾಕೆ ಬರಲಿಲ್ಲ? ಗೇಮ್ ಆಡುವವರ ಗುಂಪಿನಲ್ಲಿ ಈ ಪ್ರಶ್ನೆ ಎತ್ತಿ ನೋಡಿ, ಕೈಲಿರುವ ಚಹಾ ಆರಿದರೂ ಮಾತು ಮುಗಿಯುವುದಿಲ್ಲ. ಬ್ಯಾಟ್‌ಮ್ಯಾನ್‌ಗೆ 2009ರ ‘ಆರ್ಕಮ್ ಅಸೈಲಮ್’ ಇದೆ. ಸ್ಪೈಡರ್‌ಮ್ಯಾನ್‌ಗೆ ಒಂದಲ್ಲ, ನಾಲ್ಕಾರು ಇವೆ. ಇವರೆಲ್ಲರಿಗಿಂತ ಮೊದಲು, 1938ರಲ್ಲೇ ಹುಟ್ಟಿದ, ಕಾರನ್ನು ತಲೆಯ ಮೇಲೆ ಎತ್ತಿಕೊಂಡೇ ಮುಖಪುಟಕ್ಕೆ ಬಂದ ಹಿರಿಯಣ್ಣನಿಗೆ ಮಾತ್ರ ಹೇಳಿಕೊಳ್ಳುವಂಥದ್ದು ಸಿಗಲಿಲ್ಲ. ನೆನಪಿನಲ್ಲಿ ಉಳಿದದ್ದೊಂದಿದೆ, ಆದರೆ ಉಳಿದಿರುವುದು ಕೆಟ್ಟ ಹೆಸರಿನಿಂದ.

ಅದು 1999ರಲ್ಲಿ ನಿಂಟೆಂಡೊ 64ಕ್ಕೆ ಬಂದ ಆಟ. ಜನ ಅದನ್ನು ‘ಸೂಪರ್‌ಮ್ಯಾನ್ 64’ ಎಂದೇ ಕರೆಯುತ್ತಾರೆ. ಅತಿ ಕೆಟ್ಟ ಗೇಮ್‌ಗಳ ಪಟ್ಟಿಯನ್ನು ಯಾರೇ ಮಾಡಲಿ, ಇದಕ್ಕೊಂದು ಜಾಗ ಕಾದಿರಿಸಿದ್ದೇ. ಆಟ ಶುರುವಾಗುತ್ತಿದ್ದಂತೆ ಊರ ತುಂಬ ಮಂಜು. ಆ ಕಾಲದ ಯಂತ್ರಕ್ಕೆ ದೂರದ ಕಟ್ಟಡಗಳನ್ನು ಬಿಡಿಸುವ ತಾಕತ್ತಿಲ್ಲ. ಅದಕ್ಕೆ ಮಂಜು ಕವಿಸಿ, ಇದು ಲೆಕ್ಸ್ ಲೂಥರ್ ಕಟ್ಟಿದ ಕೃತಕ ಲೋಕ, ಮಂಜೂ ಅವನದೇ ಕಿತಾಪತಿ ಎಂದು ಕಥೆ ಹೆಣೆದಿದ್ದರು. ಮಂಜಿನ ನಡುವೆ ಗಾಳಿಯಲ್ಲಿ ನಿಂತ ಬಳೆಗಳ ಸಾಲು. ಒಂದೊಂದರೊಳಗೂ ತೂರಿಕೊಂಡು ಹಾರಬೇಕು. ಕೆಲವು ತಪ್ಪಿದವೋ, ಮತ್ತೆ ಮೊದಲಿನಿಂದ. ರೈಲನ್ನು ಎದೆಕೊಟ್ಟು ನಿಲ್ಲಿಸುವ ಗಂಡಸನ್ನು ಆರ್‌ಟಿಒ ಮೈದಾನಕ್ಕೆ ಕರೆದೊಯ್ದು ಎಂಟು ಹಾಕಿಸಿದ ಹಾಗಿತ್ತು ಅವನ ಪಾಡು.

2006ರಲ್ಲಿ ‘ಸೂಪರ್‌ಮ್ಯಾನ್ ರಿಟರ್ನ್ಸ್’ ಚಿತ್ರದ ಜೊತೆಗೆ ಬಂದ ಗೇಮ್ ಮಾಡಿದವರು ಸ್ವಲ್ಪ ತಲೆ ಓಡಿಸಿದರು. ನಮ್ಮ ಹೀರೊಗೆ ಏಟು ತಾಗುವುದೇ ಇಲ್ಲ. ಹಾಗಿದ್ದರೆ ಪರದೆಯ ಮೂಲೆಯಲ್ಲಿ ಯಾರ ಪ್ರಾಣ ಕರಗುತ್ತಾ ಹೋಗಬೇಕು? ಅವರು ಅಲ್ಲಿಟ್ಟದ್ದು ಮೆಟ್ರೊಪೊಲಿಸ್ ನಗರದ ಪ್ರಾಣ. ಕಟ್ಟಡ ಉರುಳಿದರೆ, ಜನ ಸತ್ತರೆ ಆ ಪ್ರಾಣದ ಪಟ್ಟಿ ಇಳಿಯುತ್ತದೆ. ಪೂರ್ತಿ ಇಳಿದರೆ ಆಟ ಮುಗಿಯಿತು. ಸೂಪರ್‌ಮ್ಯಾನ್ ಮಾತ್ರ ಕೂದಲೂ ಕೊಂಕದೆ ನಿಂತಿರುತ್ತಾನೆ, ಸೋತು. ನನ್ನ ಪ್ರಕಾರ ಸೂಪರ್‌ಮ್ಯಾನ್ ಬಗ್ಗೆ ಯಾರಿಗಾದರೂ ಹೊಳೆದ ಅತ್ಯಂತ ಜಾಣ ಯೋಚನೆಗಳಲ್ಲಿ ಇದೂ ಒಂದು. ಆದರೆ ಆ ಯೋಚನೆಯ ಸುತ್ತ ಕಟ್ಟಿದ ಆಟ ಪೇಲವ. ಕೊನೆಯಲ್ಲಿ ಎದುರಾಗುವ ಮಹಾ ಖಳ ಒಂದು ಸುಂಟರಗಾಳಿ. ಜೊತೆಗೆ ಊರೆಲ್ಲ ಸುತ್ತಿ ನೂರು ಬೆಕ್ಕಿನ ಮರಿಗಳನ್ನು ಹುಡುಕುವ ಕೆಲಸ.

ಸೂಪರ್ ಹೀರೊ ಸಿನಿಮಾ, ವಿಡಿಯೊ ಗೇಮ್, ಫುಟ್‌ಬಾಲ್ ಮೂರನ್ನೂ ಬಿಡದೆ ನೋಡುವ ನನ್ನಂಥವರಿಗೆ ಈ ಮೂರರಲ್ಲೂ ಕಾಡುವ ತಕರಾರು ಒಂದೇ. ನೆಚ್ಚಿನವನು ಸೋಲಬಹುದು ಎಂಬ ಅಳುಕು ಇರುವವರೆಗೆ ಕುರ್ಚಿಯ ತುದಿಯಲ್ಲಿ ಕೂರುತ್ತೇವೆ. ಅದು ಇಲ್ಲವಾದ ಗಳಿಗೆಯಲ್ಲಿ ಕೈ ತಾನಾಗಿ ಮೊಬೈಲಿನ ಕಡೆ ಹೋಗುತ್ತದೆ. ದುಡ್ಡು ಹಾಕುವವರು ಮೂರೂ ಕಡೆ ಮಾಡುತ್ತಿರುವುದು ಆ ಅಳುಕನ್ನು ಒರೆಸಿ ಹಾಕುವ ಕೆಲಸವನ್ನೇ.

ಸ್ಪೈಡರ್‌ಮ್ಯಾನ್ ಯಾಕೆ ಎಲ್ಲ ಕಡೆ ಗೆಲ್ಲುತ್ತಾನೆ ನೋಡಿ. 2004ರಲ್ಲಿ ಸ್ಯಾಮ್ ರೈಮಿಯ ‘ಸ್ಪೈಡರ್‌ಮ್ಯಾನ್ 2’ ಬಂತು. ಚಿತ್ರ ಶುರುವಾಗುವುದು ಪೀಟರ್ ಪಾರ್ಕರ್ ಪಿಜ್ಜಾ ಡೆಲಿವರಿ ಮಾಡುವುದರಿಂದ. 29 ನಿಮಿಷದೊಳಗೆ ತಲುಪಿಸಬೇಕು, ಇಲ್ಲದಿದ್ದರೆ ಗಿರಾಕಿ ಕಾಸು ಕೊಡುವುದಿಲ್ಲ. ಜೇಡನ ದಿರಿಸು ತೊಟ್ಟು, ಕೈಯಲ್ಲಿ ಪಿಜ್ಜಾ ಡಬ್ಬಿಗಳ ಅಟ್ಟಿ ಹಿಡಿದು ಕಟ್ಟಡದಿಂದ ಕಟ್ಟಡಕ್ಕೆ ತೂಗಾಡಿಕೊಂಡು ಹೋದರೂ ತಡವಾಗುತ್ತದೆ, ಕೆಲಸ ಹೋಗುತ್ತದೆ. ರೂಮಿನ ಬಾಡಿಗೆ ಬಾಕಿ. ಮೇ ಆಂಟಿಯ ಮನೆ ಬ್ಯಾಂಕಿನ ಪಾಲು. ನಡುವೆ ಒಮ್ಮೆ ಅವನ ಬಲೆಯೂ ಕೈಕೊಡುತ್ತದೆ. ದಿರಿಸಿನಲ್ಲೇ ಲಿಫ್ಟ್ ಹತ್ತಿ, ಪಕ್ಕದಲ್ಲಿ ನಿಂತವನ ಜೊತೆ ದಿರಿಸಿನ ಬಗ್ಗೆ ಹರಟುತ್ತಾ ಕೆಳಗಿಳಿಯುತ್ತಾನೆ. ಮುಂದೆ ರೈಲು ನಿಲ್ಲಿಸುವ ದೃಶ್ಯ ಬರುವಷ್ಟರಲ್ಲಿ ಇವನು ಹೆಜ್ಜೆಹೆಜ್ಜೆಗೂ ಸೋಲುವ ಮನುಷ್ಯ ಎಂಬುದು ನಮಗೆ ಖಾತ್ರಿಯಾಗಿರುತ್ತದೆ. ಅದಕ್ಕೇ ಹಳಿ ಮುಗಿಯುವ ತನಕ ಉಸಿರು ಬಿಗಿಹಿಡಿಯುತ್ತೇವೆ.

ಅದೇ ವರ್ಷ ಅದೇ ಹೆಸರಿನ ಗೇಮ್ ಬಂತು. ಅದಕ್ಕೂ ಮೊದಲಿನ ಸ್ಪೈಡರ್‌ಮ್ಯಾನ್ ಗೇಮ್‌ಗಳಲ್ಲಿ ಬಲೆ ಎಸೆದರೆ ಅದು ಆಕಾಶಕ್ಕೇ ಅಂಟಿಕೊಳ್ಳುತ್ತಿತ್ತು. ಮೇಲೆ ಏನಿದೆ ಎಂದು ಕೇಳುವ ಹಾಗಿರಲಿಲ್ಲ. ಈ ಆಟದಲ್ಲಿ ಬಲೆಗೆ ನಿಜವಾದ ಕಟ್ಟಡವೇ ಬೇಕು. ಎತ್ತರದ ಕಟ್ಟಡಗಳ ನಡುವೆ ಬಾಣದಂತೆ ಹೋಗುತ್ತಿದ್ದವನು ಪಾರ್ಕಿನ ಕಡೆ ಬಂದರೆ ಎಸೆಯಲು ಜಾಗವಿಲ್ಲದೆ ನೆಲಕ್ಕೆ ಬೀಳುತ್ತಾನೆ. ಎಸೆದ ಎಳೆ ಯಾವಾಗ ಬಿಡಬೇಕೆಂದು ಕೈಗೆ ರೂಢಿಯಾಗಲು ಸಮಯ ಹಿಡಿಯುತ್ತದೆ. ಪಿಜ್ಜಾ ಡೆಲಿವರಿಯೂ ಇದೆ, ಹಿನ್ನೆಲೆಯಲ್ಲಿ ತಲೆಚಿಟ್ಟು ಹಿಡಿಸುವ ಒಂದು ಇಟಲಿ ಹಾಡಿನ ರಾಗದೊಂದಿಗೆ. ಆ ರಾಗ ಕಿವಿಗೆ ಬಿದ್ದರೆ ಇವತ್ತಿಗೂ ಬೆರಳು ಚಡಪಡಿಸುವವರಿದ್ದಾರೆ. 2018ರಲ್ಲಿ ಬಂದ ಪ್ಲೇಸ್ಟೇಷನ್ ಆಟ ನೋಡಲು ಇದಕ್ಕಿಂತ ಎಷ್ಟೋ ಚೆಂದ. ಆದರೂ ಹಳೆಯದರಲ್ಲಿ ಬೀಳುವ ಮಜಾ ಅದರಲ್ಲಿಲ್ಲ ಎಂದು ವಾದಿಸುವ ಹಟಮಾರಿಗಳ ಪೈಕಿ ನಾನೂ ಒಬ್ಬ.

ಇನ್ನು ಸಿನಿಮಾಕ್ಕೆ ಬರೋಣ. 2018ರ ‘ಇನ್ಫಿನಿಟಿ ವಾರ್’ ಕೊನೆಯಲ್ಲಿ ಖಳ ಥಾನೋಸ್ ಚಿಟಿಕೆ ಹೊಡೆದು ಹೀರೊಗಳನ್ನು ಮಾಯ ಮಾಡಿದಾಗ ಚಿತ್ರಮಂದಿರದಲ್ಲಿ ಕವಿದ ಮೌನ ನೆನಪಿರಬಹುದು. ಹೀರೊಗಳು ಸೋತರು, ಪರದೆ ಕಪ್ಪಾಯಿತು, ಮನೆಗೆ ಹೋಗಿ ಎಂದರು. ಅಷ್ಟು ದುಡ್ಡು ಸುರಿದ ಚಿತ್ರ ಹಾಗೆ ಮುಗಿಯಬಹುದೆಂದು ಯಾರೂ ಎಣಿಸಿರಲಿಲ್ಲ. ಮರುವರ್ಷ ‘ಎಂಡ್‌ಗೇಮ್’ ಜಗತ್ತಿನಾದ್ಯಂತ ಸುಮಾರು 280 ಕೋಟಿ ಡಾಲರ್ ಬಾಚಿತು. ಅದಕ್ಕೆ ಮುಖ್ಯ ಕಾರಣ ಹಿಂದಿನ ವರ್ಷದ ಆ ಸೋಲೇ. ಹೋದವರೆಲ್ಲ ಮರಳಿ ಬರುತ್ತಾರೆಂದು ಅಂದಾಜಿದ್ದರೂ ಅದಕ್ಕೆ ಯಾರು ಬೆಲೆ ತೆರುತ್ತಾರೆಂದು ಗೊತ್ತಿರಲಿಲ್ಲ. ಹೀರೊಗಳಲ್ಲಿ ಒಬ್ಬನಾದ ಟೋನಿ ಸ್ಟಾರ್ಕ್ ಪ್ರಾಣವನ್ನೇ ತೆತ್ತ. ನನ್ನ ಹಿಂದಿನ ಸಾಲಿನಲ್ಲಿದ್ದ ದಪ್ಪ ಮೀಸೆಯ ಯಜಮಾನರೊಬ್ಬರು ಕರ್ಚೀಫು ತೆಗೆದರು.

ಆಮೇಲೆ? ಮಲ್ಟಿವರ್ಸ್ ಬಂತು. ಇಲ್ಲಿ ಸತ್ತವನು ಪಕ್ಕದ ಬ್ರಹ್ಮಾಂಡದಲ್ಲಿ ಕಾಫಿ ಕುಡಿಯುತ್ತಾ ಕೂತಿರುತ್ತಾನೆ. 2017ರ ‘ಲೋಗನ್’ನಲ್ಲಿ ವುಲ್ವರಿನ್‌ನನ್ನು ಕಾಡಿನಲ್ಲಿ ಮಣ್ಣು ಮಾಡಿ, ಶಿಲುಬೆಯನ್ನು ಓರೆಯಾಗಿಸಿ ಎಕ್ಸ್ ಅಕ್ಷರ ಮಾಡಿ ನೆಟ್ಟಿದ್ದರು. ಸೂಪರ್ ಹೀರೊ ಚಿತ್ರಗಳಲ್ಲಿ ಅದಕ್ಕಿಂತ ಘನವಾದ ಮುಕ್ತಾಯ ನಾನು ನೋಡಿಲ್ಲ. 2024ರ ‘ಡೆಡ್‌ಪೂಲ್ ಅಂಡ್ ವುಲ್ವರಿನ್’ ಶುರುವಾಗುವುದೇ ಆ ಗುಂಡಿ ಅಗೆದು, ಅವನ ಮೂಳೆಗಳನ್ನು ಆಯುಧ ಮಾಡಿಕೊಂಡು ಹೊಡೆದಾಡುವುದರಿಂದ. ನಕ್ಕೆ, ಸುಳ್ಳು ಹೇಳುವುದಿಲ್ಲ. ಆದರೆ ಸಾವನ್ನೇ ಜೋಕು ಮಾಡಿಬಿಟ್ಟರೆ ಮುಂದಿನ ಚಿತ್ರದಲ್ಲಿ ಯಾರಾದರೂ ಸತ್ತಾಗ ನಾನು ಯಾವ ಮುಖ ಹೊತ್ತು ಅಳಲಿ? ಅದೇ ವರ್ಷ ಜುಲೈನಲ್ಲಿ, ಟೋನಿ ಸ್ಟಾರ್ಕ್ ಆಗಿದ್ದ ರಾಬರ್ಟ್ ಡೌನಿ ಜೂನಿಯರ್‌ನನ್ನೇ ಮತ್ತೆ ಕರೆಸಿ, ಮುಖವಾಡ ತೆಗೆಸಿ, ಈ ಬಾರಿ ಇವನು ಖಳನಾಯಕ ಡಾಕ್ಟರ್ ಡೂಮ್ ಎಂದು ಘೋಷಿಸಿದರು. ಜನ ಕಿವಿ ಕಿವುಡಾಗುವಂತೆ ಕಿರುಚಿದರು.

ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ 2019ರಲ್ಲಿ ಈ ಚಿತ್ರಗಳನ್ನು ಥೀಮ್ ಪಾರ್ಕಿಗೆ ಹೋಲಿಸಿ ಅಭಿಮಾನಿಗಳ ಬಾಯಿಗೆ ಸಿಕ್ಕರು. ಆಮೇಲೆ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಅವರು ಹೇಳಿದ್ದರ ತಿರುಳು ಇಷ್ಟೇ: ಅಲ್ಲಿ ಯಾವುದೂ ಪಣಕ್ಕಿರುವುದಿಲ್ಲ. ಆಗ ನನಗೂ ಸಿಟ್ಟು ಬಂದಿತ್ತು, ‘ಎಂಡ್‌ಗೇಮ್’ ನೋಡಿದ ಬಿಸಿ ಆರಿರಲಿಲ್ಲ. ಈಚಿನ ನಾಲ್ಕೈದು ಚಿತ್ರ ನೋಡಿದ ಮೇಲೆ ಮುದುಕ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ ಅನಿಸುತ್ತದೆ. ಉಳಿದ ಕಾಲು ಪಾಲಿಗೆ ನನ್ನ ಬಳಿ ಒಂದು ಉತ್ತರವಿದೆ. ಅದು ಮಲಯಾಳದ್ದು.

2021ರ ಕ್ರಿಸ್‌ಮಸ್ ಹಿಂದಿನ ದಿನ ನೆಟ್‌ಫ್ಲಿಕ್ಸ್‌ಗೆ ಬಂದ ಬಾಸಿಲ್ ಜೋಸೆಫ್‌ರ ‘ಮಿನ್ನಲ್ ಮುರಳಿ’ ಕುರುಕ್ಕನ್‌ಮೂಲ ಎಂಬ ಕಾಲ್ಪನಿಕ ಹಳ್ಳಿಯ ಕಥೆ. ಸಿಡಿಲು ಬಡಿಯುವುದು ಇಬ್ಬರಿಗೆ. ಒಬ್ಬ ಅಮೆರಿಕಕ್ಕೆ ಹೋಗುವ ಕನಸು ಕಾಣುವ ದರ್ಜಿ. ಇನ್ನೊಬ್ಬ ಚಹಾ ಅಂಗಡಿಯಲ್ಲಿ ಕೆಲಸಕ್ಕಿರುವ ಶಿಬು. ಊರೆಲ್ಲ ಹುಚ್ಚನೆಂದು ತಳ್ಳಿಹಾಕಿದವನು, ವರ್ಷಗಟ್ಟಲೆ ಒಬ್ಬಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಬದುಕಿದವನು. ಶಕ್ತಿ ಇಬ್ಬರಿಗೂ ಒಂದೇ. ಕೊನೆಗೆ ಅವಳು ಅವನಿಗೆ ಸಿಕ್ಕಳು ಎನ್ನುವಷ್ಟರಲ್ಲಿ ಗುರು ಸೋಮಸುಂದರಂ ಮುಖದಲ್ಲಿ ಅಳುವೂ ನಗುವೂ ಕಲಸಿಹೋಗುವ ಒಂದು ದೃಶ್ಯವಿದೆ. ಅದನ್ನು ನೋಡಿದ ಮೇಲೆ ಹೀರೊ ಗೆಲ್ಲಲಿ ಎಂದು ಹಾರೈಸಲು ಮನಸ್ಸೇ ಬರುವುದಿಲ್ಲ. ಹಾಲಿವುಡ್ ಊಟದ ಖರ್ಚಿಗೆ ತೆಗೆದಿಡುವ ದುಡ್ಡಿನಲ್ಲಿ ಇಂಥ ಹತ್ತು ಚಿತ್ರ ತೆಗೆಯಬಹುದೇನೋ. ಸೋಲುವ ನಾಯಕ ನಮಗೂ ಹೊಸಬನಲ್ಲ. 1972ರ ‘ನಾಗರಹಾವು’ ಚಿತ್ರದ ರಾಮಾಚಾರಿ ಚಿತ್ರದುರ್ಗದ ಬೆಟ್ಟದಿಂದ ಜಿಗಿದದ್ದನ್ನು ಐದು ದಶಕ ಕಳೆದರೂ ಕನ್ನಡಿಗರು ಮರೆತಿಲ್ಲ. ಅವನನ್ನು ಪಕ್ಕದ ಬ್ರಹ್ಮಾಂಡದಿಂದ ವಾಪಸು ಕರೆತರುವ ಯೋಚನೆ ಯಾರಿಗೂ ಬಾರದಿರಲಿ.

ಸತ್ತವರು ಎದ್ದು ಬರುವ ಅಭ್ಯಾಸ ನಮ್ಮ ಪೀಳಿಗೆಗೆ ಹತ್ತಿದ್ದು ಗೇಮ್‌ಗಳಿಂದಲೇ. ತೊಂಬತ್ತರ ದಶಕದಲ್ಲಿ ಇಲ್ಲಿನ ಮನೆಗಳಿಗೆ ಹೆಚ್ಚಾಗಿ ಬಂದದ್ದು ಅಸಲಿ ನಿಂಟೆಂಡೊ ಅಲ್ಲ, ಅದರ ನಕಲು. ಹಳದಿ ಬಣ್ಣದ ಕ್ಯಾಸೆಟ್ ಮೇಲೆ 9999 ಆಟಗಳಿವೆ ಎಂದು ಬರೆದಿರುತ್ತಿತ್ತು. ಒಳಗೆ ಅವೇ ನಾಲ್ಕಾರು ಬೇರೆ ಬೇರೆ ಹೆಸರಿನಲ್ಲಿ. ಎಲ್ಲರ ಮನೆಯಲ್ಲೂ ಇದ್ದವು ‘ಮಾರಿಯೊ’ ಮತ್ತು ‘ಕಾಂಟ್ರಾ’. ‘ಕಾಂಟ್ರಾ’ದಲ್ಲಿ ಮೂರೇ ಲೈಫ್. ಒಂದು ಗುಂಡು ತಾಗಿದರೆ ಒಂದು ಹೋಯಿತು. ಆದರೆ ಶುರುವಿನ ಪರದೆಯಲ್ಲಿ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಒತ್ತಿದರೆ ಮೂವತ್ತು. ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ 1986ರಲ್ಲಿ ‘ಗ್ರೇಡಿಯಸ್’ ಎಂಬ ಆಟವನ್ನು ಪರೀಕ್ಷಿಸುವಾಗ ತನಗೇ ಅದು ಕಷ್ಟವಾಗಿ ಇಟ್ಟುಕೊಂಡ ಕಳ್ಳದಾರಿ ಇದು. ತೆಗೆಯದೆ ಬಿಟ್ಟದ್ದು ಹಾಗೇ ಉಳಿಯಿತು. ಆತ 2020ರಲ್ಲಿ ತೀರಿಕೊಂಡಾಗ ಜಗತ್ತಿನ ಮೂಲೆಮೂಲೆಯ ಗೇಮರ್‌ಗಳು ಆ ಹತ್ತು ಗುಂಡಿಗಳನ್ನು ಬರೆದು ಕೈಮುಗಿದರು. ಈ ಕೋಡು ಯಾವ ಅಣ್ಣನ ಬಾಯಿಂದ ಗಲ್ಲಿಗೆ ಬಂತೋ, ಇಂಟರ್ನೆಟ್ ಇಲ್ಲದ ಕಾಲದಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು.

ಮೂವತ್ತು ಲೈಫ್ ಹಾಕಿಕೊಂಡು ಆಡಿದವರಿಗೆ ಒಂದು ಸಂಗತಿ ಗೊತ್ತು. ಮೊದಲ ಹತ್ತು ಪ್ರಾಣಗಳಿಗೆ ಕಿಮ್ಮತ್ತೇ ಇರುವುದಿಲ್ಲ. ಬೇಕಂತಲೇ ಹಳ್ಳಕ್ಕೆ ಹಾರುತ್ತೇವೆ, ಗುಂಡಿನ ಮಳೆಗೆ ಎದೆಯೊಡ್ಡುತ್ತೇವೆ. ಆಟ ಆಟವಾಗುವುದು ಕೊನೆಯ ಎರಡು ಮೂರು ಉಳಿದಾಗ. ಜೊತೆಗಾರ ತನ್ನದೆಲ್ಲ ಮುಗಿಸಿಕೊಂಡು ನಮ್ಮ ಖಾತೆಯಿಂದ ಒಂದನ್ನು ಎತ್ತಿಕೊಂಡಾಗ. ಆ ಸೌಲಭ್ಯವೂ ‘ಕಾಂಟ್ರಾ’ದಲ್ಲಿತ್ತು. ಅದರಿಂದ ಎಷ್ಟು ಮನೆಗಳಲ್ಲಿ ಅಣ್ಣತಮ್ಮಂದಿರು ಕೈಕೈ ಮಿಲಾಯಿಸಿದರೋ. 2011ರ ‘ಡಾರ್ಕ್ ಸೋಲ್ಸ್’ ತದ್ವಿರುದ್ಧ ದಾರಿ ಹಿಡಿಯಿತು. ಸತ್ತಾಗಲೆಲ್ಲ ಕೆಂಪಕ್ಷರದಲ್ಲಿ ನೀನು ಸತ್ತೆ ಎಂದು ಮುಖಕ್ಕೆ ಹೊಡೆದಂತೆ ಹೇಳಿ, ಕೂಡಿಟ್ಟ ಗಂಟನ್ನು ಸತ್ತ ಜಾಗದಲ್ಲೇ ಬಿಟ್ಟು ಕಳಿಸುತ್ತದೆ. ಅಲ್ಲಿಗೆ ತಲುಪುವಷ್ಟರಲ್ಲಿ ಇನ್ನೊಮ್ಮೆ ಸತ್ತರೆ ಆ ಗಂಟು ಶಾಶ್ವತವಾಗಿ ಹೋಯಿತು. ದುಡ್ಡು ಕೊಟ್ಟು ಬೈಸಿಕೊಳ್ಳುವ ಈ ಆಟವನ್ನು ಜನ ಲಕ್ಷಗಟ್ಟಲೆ ಕೊಂಡರು.

ಫುಟ್‌ಬಾಲ್ ಗೇಮ್‌ಗಳಿಗೆ ಬಂದರೆ ವ್ಯಾಪಾರ ಬೇರೆ. ಇಎ ಕಂಪನಿ 1993ರಿಂದ ‘ಫಿಫಾ’ ಹೆಸರಿನಲ್ಲಿ ಮಾರಿ, 2023ರಲ್ಲಿ ಆ ಹೆಸರು ಬಿಟ್ಟು ‘ಇಎ ಸ್ಪೋರ್ಟ್ಸ್ ಎಫ್‌ಸಿ’ ಎಂದು ಮಾಡಿಕೊಂಡ ಆಟದ ಹೃದಯ ಈಗ ‘ಅಲ್ಟಿಮೇಟ್ ಟೀಮ್’. ಕಣ್ಣುಮುಚ್ಚಿ ಆಟಗಾರರ ಪ್ಯಾಕ್ ಕೊಳ್ಳಬೇಕು. ಒಳಗೆ ಎಂಬಾಪೆಯಂಥ ತಾರೆ ಇರಬಹುದು, ಹೆಸರು ಕೇಳದ ಮೂರನೇ ದರ್ಜೆಯ ಡಿಫೆಂಡರ್ ಇರಬಹುದು. ಬೆಲ್ಜಿಯಂ 2018ರಲ್ಲಿ ಇಂಥ ಪೆಟ್ಟಿಗೆಗಳನ್ನು ಜೂಜೆಂದು ಸಾರಿತು. 2019ರ ಜನವರಿ ಕೊನೆಗೆ ಇಎ ಆ ದೇಶದಲ್ಲಿ ಪ್ಯಾಕ್ ಕೊಳ್ಳಲು ಬಳಸುವ ಫಿಫಾ ಪಾಯಿಂಟ್ ಮಾರುವುದನ್ನೇ ನಿಲ್ಲಿಸಿತು. ಜೂಜಿನ ವಿಚಾರ ಹಿರಿಯರು ನೋಡಿಕೊಳ್ಳಲಿ. ನನ್ನ ಸಂಕಟ ಬೇರೆ: ಪರ್ಸು ದಪ್ಪಗಿದ್ದವನು ಆಟಕ್ಕೆ ಕೂರುವ ಮುನ್ನವೇ ಅರ್ಧ ಗೆದ್ದಿರುತ್ತಾನೆ. ಸೋತವರು ಸುಮ್ಮನಿರುತ್ತಾರಾ? ತೊಂಬತ್ತನೇ ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟಾಗಲೆಲ್ಲ ಕಂಪ್ಯೂಟರೇ ಮೋಸ ಮಾಡಿ ಸೋಲಿಸಿತು ಎನ್ನುತ್ತಾರೆ. 2020ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವರು ಕೋರ್ಟಿಗೇ ಹೋದರು, ಮರುವರ್ಷ ಮೊಕದ್ದಮೆ ವಾಪಸು ತೆಗೆದುಕೊಂಡರು. ಕುಣಿಯಲಾರದವಳಿಗೆ ನೆಲ ಡೊಂಕು.

ಮೈದಾನದ ಫುಟ್‌ಬಾಲಿಗೆ ಚೀಟ್ ಕೋಡ್ ಇಲ್ಲ. ಹಾಗಂತ ದುಡ್ಡಿದ್ದವರು ಹುಡುಕದೆ ಬಿಟ್ಟಿಲ್ಲ. ಅದಕ್ಕೂ ಮೊದಲು ಕೋಡ್ ಇಲ್ಲದ ಆಟದ ಕಥೆ ಒಂದು. 2015–16ರಲ್ಲಿ ಲೆಸ್ಟರ್ ಸಿಟಿ ಪ್ರೀಮಿಯರ್ ಲೀಗ್ ಗೆದ್ದ ಕಥೆ ಎಲ್ಲರಿಗೂ ಗೊತ್ತು: ಸೀಸನ್ ಶುರುವಿನಲ್ಲಿ ಬುಕ್ಕಿಗಳು ಒಂದಕ್ಕೆ ಐದು ಸಾವಿರ ಕೊಡುತ್ತೇವೆಂದಿದ್ದ ತಂಡ, ಹಿಂದೊಮ್ಮೆ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಜೇಮಿ ವಾರ್ಡಿ, ಯಾವ ದೊಡ್ಡ ಕ್ಲಬ್ಬಿನ ಕಣ್ಣಿಗೂ ಬೀಳದಿದ್ದ ಮಹ್ರೆಝ್. 2016ರ ಮೇ 2ರಂದು ಚೆಲ್ಸಿ ಎದುರು ಟಾಟನ್‌ಹ್ಯಾಮ್ 2–2 ಡ್ರಾ ಮಾಡಿಕೊಂಡಾಗ ಪಂದ್ಯವನ್ನೇ ಆಡದೆ ಲೆಸ್ಟರ್ ಚಾಂಪಿಯನ್ ಆಯಿತು. ಇದನ್ನು ಸಿನಿಮಾದಂತಿದೆ ಎಂದು ಎಲ್ಲರೂ ಕೊಂಡಾಡಿದರು. ಸಿನಿಮಾದವರು ಬರೆಯಲು ಹೆದರುವ ಭಾಗ ನಂತರದ್ದು. ಒಂಬತ್ತು ತಿಂಗಳಿಗೆ ಕೋಚ್ ರಾನಿಯೇರಿಯನ್ನು ಮನೆಗೆ ಕಳಿಸಿದರು. 2023ರಲ್ಲಿ ಲೆಸ್ಟರ್ ಹಿಂಬಡ್ತಿ ಪಡೆದು ಎರಡನೇ ದರ್ಜೆಗೆ ಇಳಿಯಿತು, 2024ರಲ್ಲಿ ಹತ್ತಿ ಬಂತು, 2025ರಲ್ಲಿ ಮತ್ತೆ ಇಳಿಯಿತು. ಇಷ್ಟು ಮೇಲಿಂದ ಇಷ್ಟು ಬೇಗ ಬೀಳಬಹುದು ಎನ್ನುವುದಕ್ಕೇ ಆ ಐದು ಸಾವಿರದ ಕಪ್ಪಿಗೆ ಬೆಲೆ.

ಹನ್ನೆರಡು ಶ್ರೀಮಂತ ಕ್ಲಬ್ಬುಗಳು 2021ರ ಏಪ್ರಿಲ್ 18ರಂದು ಘೋಷಿಸಿದ ಯುರೋಪಿಯನ್ ಸೂಪರ್ ಲೀಗ್ ತೆಗೆದುಹಾಕಲು ಹೊರಟದ್ದು ಸರಿಯಾಗಿ ಈ ಬೀಳುವ ಭಯವನ್ನೇ. ಇಪ್ಪತ್ತು ತಂಡಗಳಲ್ಲಿ ಹದಿನೈದು ಕಾಯಂ. ಎಷ್ಟೇ ಕಳಪೆಯಾಗಿ ಆಡಿದರೂ ಮುಂದಿನ ವರ್ಷ ಕುರ್ಚಿ ಅಲ್ಲೇ ಇರುತ್ತದೆ. ಅಂದರೆ ಮೂವತ್ತು ಲೈಫೂ ಅಲ್ಲ, ಮುಗಿಯದ ಲೈಫು. ರಿಯಲ್ ಮ್ಯಾಡ್ರಿಡ್ ಅಧ್ಯಕ್ಷ ಫ್ಲೊರೆಂಟಿನೊ ಪೆರೆಝ್ ಟಿವಿಗೆ ಬಂದು, ಹೊಸ ಹುಡುಗರಿಗೆ ಫುಟ್‌ಬಾಲ್ ಬೋರು ಹೊಡೆಸುತ್ತಿದೆ, ಅದಕ್ಕೇ ಇದು ಬೇಕು ಎಂದರು. ಎರಡು ದಿನಕ್ಕೆ ಚೆಲ್ಸಿಯ ಮೈದಾನದ ಮುಂದೆ ಜನ ರಸ್ತೆ ತಡೆದು ಕೂತರು. ತಮ್ಮದೇ ಕ್ಲಬ್ಬಿಗೆ ಲಾಭ ತರುವ ಯೋಜನೆಯನ್ನು ಬೇಡವೆಂದು ಕೂಗಿದ ಅಭಿಮಾನಿಗಳವರು. ಅವತ್ತು ರಾತ್ರಿಯೊಳಗೆ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಹಿಂದೆ ಸರಿದವು. ಸಿನಿಮಾ ಅಭಿಮಾನಿಗಳಾದ ನಾವು ಇಂಥದ್ದೊಂದನ್ನು ಯಾವತ್ತಾದರೂ ಮಾಡಿದ್ದೇವೆಯೇ? ಡಾಕ್ಟರ್ ಡೂಮ್ ಬಂದಾಗ ಕಿರುಚಿದವರು ನಾವು.

ವಿಎಆರ್, ಅಂದರೆ ವಿಡಿಯೊ ನೋಡಿ ತೀರ್ಪು ಕೊಡುವುದರ ಬಗ್ಗೆಯೂ ಒಂದು ಮಾತು. ಗೋಲು ಬಿದ್ದು, ಪಕ್ಕದವನನ್ನು ತಬ್ಬಿ, ಗಂಟಲು ಹರಿಯುವಂತೆ ಕೂಗಿಯಾದ ಮೇಲೆ ಯಾರದೋ ಹೆಬ್ಬೆರಳು ಆಫ್‌ಸೈಡ್ ಇತ್ತೆಂದು ಅದನ್ನು ಅಳಿಸಿ ಹಾಕುವ ಈ ಪದ್ಧತಿಯನ್ನು ಕೈಬಿಡಬೇಕೆಂದು 2024ರಲ್ಲಿ ವುಲ್ವ್ಸ್ ಕ್ಲಬ್ ಪ್ರಸ್ತಾಪ ಇಟ್ಟಿತು. ಪ್ರೀಮಿಯರ್ ಲೀಗ್ ಕ್ಲಬ್ಬುಗಳ ಮತ ಬಿದ್ದದ್ದು 19–1. ಆ ಒಂದು ಮತದ ಪಕ್ಷ ನನ್ನದು.

ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) 2014ರಲ್ಲಿ ಶುರುವಾಯಿತು. 2024–25ರ ಸೀಸನ್ ಮುಗಿಯುವವರೆಗೂ ಅಲ್ಲಿ ಒಂದು ತಂಡವೂ ಹಿಂಬಡ್ತಿ ಪಡೆದು ಇಳಿದದ್ದಿಲ್ಲ. ಕಟ್ಟಕಡೆಗೆ ಬಂದ ತಂಡವೂ ಮರುವರ್ಷ ಅದೇ ಜರ್ಸಿ ತೊಟ್ಟು ಹಾಜರಾಗುತ್ತಿತ್ತು. ಸೀಸನ್ನಿನ ಕೊನೆಯ ವಾರಗಳಲ್ಲಿ ಕೆಳಗಿನ ತಂಡಗಳ ಪಂದ್ಯ ನೋಡುವುದು ಶಿಕ್ಷೆಯಾಗಿತ್ತು. ಅದೃಷ್ಟಕ್ಕೆ ಪ್ಲೇಆಫ್, ಫೈನಲ್‌ಗಳು ಇದ್ದವು. ಇಲ್ಲದಿದ್ದರೆ ಬೆಂಗಳೂರಿನವರಿಗೆ 2018ರ ಮಾರ್ಚ್ 17ರಂಥ ಸಂಜೆ ಎಲ್ಲಿ ಸಿಗುತ್ತಿತ್ತು! ಬೆಂಗಳೂರು ತಂಡದ ಫೈನಲ್ ನಡೆದದ್ದು ಕಂಠೀರವದಲ್ಲೇ. ಎದುರಿಗೆ ಚೆನ್ನೈಯಿನ್. ಒಂಬತ್ತನೇ ನಿಮಿಷಕ್ಕೆ ನಮ್ಮ ಚೆಟ್ರಿ ಮುಂದಕ್ಕೆ ಚಿಮ್ಮಿ ತಲೆಯಿಂದ ಗೋಲು ಹೊಡೆದಾಗ ತವರಿನ ಅಭಿಮಾನಿಗಳು ಕೂರುವ ವೆಸ್ಟ್ ಬ್ಲಾಕ್ ನಡುಗಿತು. ಆಮೇಲೆ ಅವರ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗೆ ಎರಡು ಸಲ ತಲೆ ಕೊಟ್ಟ. ಎರಡೂ ಒಳಗೆ. ಕಾರ್ನರ್‌ನಲ್ಲಿ ಎತ್ತರದವನನ್ನು ಬಿಡಬಾರದೆಂದು ಆಸ್ಟಿನ್ ಟೌನ್ ಮೈದಾನದ ಯಾವ ಹುಡುಗನೂ ಹೇಳುತ್ತಾನೆ. 2–3ರಲ್ಲಿ ಸೋತದ್ದು, ಅದೂ ತವರಿನಲ್ಲಿ, ಲೀಗ್ ಹಂತದಲ್ಲಿ ಎಲ್ಲರಿಗಿಂತ ಮೇಲೆ ನಿಂತ ವರ್ಷದಲ್ಲಿ.

ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಗೋವಾ ಎದುರು ಮತ್ತೆ ಫೈನಲ್. ತೊಂಬತ್ತು ನಿಮಿಷ ಗೋಲಿಲ್ಲ. ಎಕ್ಸ್‌ಟ್ರಾ ಟೈಮ್ ಮುಗಿಯಲು ಮೂರು ನಿಮಿಷ ಇರುವಾಗ ಡಿಮಾಸ್ ಡೆಲ್ಗಾಡೊ ಕಾರ್ನರ್ ತೆಗೆದ. ರಾಹುಲ್ ಭೆಕೆ ತಲೆ ಕೊಟ್ಟ. ಈ ಸಲ ಯಾರು ಯಾರನ್ನು ಬಿಟ್ಟರೆಂದು ಗೋವಾದವರು ಇನ್ನೂ ಜಗಳ ಆಡುತ್ತಿರಬೇಕು.